ಎರಡು ಬೆರಳು ಉದ್ದ

ಬೀದಿಯವರು ಟೈಲರಮ್ಮನಿಗೆ ಇಟ್ಟ ಅಡ್ಡಹೆಸರು ‘ಕೂತ್ನೋಡಮ್ಮ’. ತಪ್ಪು ಬೀದಿಯವರದ್ದಲ್ಲ ಬಿಡಿ. ಸ್ಕರ್ಟ್ ಹೊಲಿಸಲು ಯಾರೇ ಬರಲಿ, ಅಂಚಿಗೆ ಗುಂಡುಸೂಜಿ ಚುಚ್ಚಿದ ತಕ್ಷಣ ಆಕೆಯ ಬಾಯಿಂದ ಬರುವುದು ಅದೊಂದೇ ಮಾತು: “ಎಲ್ಲಿ, ಆ ಸ್ಟೂಲ್ ಮೇಲೆ ಕೂತು ನೋಡಮ್ಮ!” ನಿಂತಾಗ ಮೊಣಕಾಲು ಮುಚ್ಚುವ ಸ್ಕರ್ಟು ಕೂತರೆ ಮೇಲೇರುತ್ತದೆ. ಆಫೀಸಿನಲ್ಲಿ ದಿನವಿಡೀ ಕೂರುವವಳು ಅದನ್ನು ಎಳೆದುಕೊಳ್ಳುತ್ತಲೇ ಇದ್ದರೆ ಕೆಲಸ ಮಾಡುವುದು ಯಾವಾಗ? ಮೊಣಕಾಲಿನ ಕೆಳಗೆ ಕಾಲು ಸಣ್ಣಗಾಗುವ ಜಾಗವೊಂದಿದೆ, ಅಂಚು ಅಲ್ಲೇ ನಿಲ್ಲಬೇಕು. ಮೀನಖಂಡದ ದಪ್ಪದ ಮೇಲೆ ನಿಂತಿತೋ, ತೆಳ್ಳಗಿರುವವಳೂ ಕಂಬದಂತೆ ಕಾಣುತ್ತಾಳೆ. ಸಮಾರಂಭಕ್ಕಾದರೆ ಪಾದದ ಗಂಟಿನವರೆಗೂ ಇಳಿಯಲಿ, ಬೇಡವೆಂದವರಾರು? ಆದರೆ ಅವತ್ತು ಮೆಟ್ಟುವ ಚಪ್ಪಲಿಯಲ್ಲೇ ಬಂದು ಅಳತೆ ಕೊಡಬೇಕು.

ಇಷ್ಟೆಲ್ಲ ಬಲ್ಲವಳ ಸ್ವಂತ ಮಗಳು ಮಾತ್ರ ಎಷ್ಟೋ ವರ್ಷಗಳಿಂದ ರೆಡಿಮೇಡ್ ಅಂಗಡಿಯ ಪಾಲು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನೆ ಅಲ್ಲ. ಮಗಳು ಚಿಕ್ಕವಳಿದ್ದಾಗ ಅಮ್ಮ ಹೊಲಿದದ್ದೆಲ್ಲ ಎರಡು ಬೆರಳು ಉದ್ದ. “ಬೆಳೆಯೋ ಹುಡುಗಿ, ಮುಂದಿನ ವರ್ಷಕ್ಕೂ ಆಗ್ಲಿ” ಅನ್ನುವಳು. ಶಾಲೆಯಲ್ಲಿ ಗೆಳತಿಯರು “ಅಜ್ಜಿ ಬಂದ್ಲು ದಾರಿ ಬಿಡ್ರೇ” ಎಂದು ಆಡಿಕೊಂಡಿದ್ದೇ ಆಡಿಕೊಂಡಿದ್ದು. ಕೆಲಸ ಸಿಕ್ಕಿದ್ದೇ ತಡ, ಮಗಳು ಅಮ್ಮನ ಮಷೀನಿಗೆ ದೊಡ್ಡ ನಮಸ್ಕಾರ ಹಾಕಿಬಿಟ್ಟಳು. ಅಮ್ಮ ನಕ್ಕರೂ ಒಳಗೊಳಗೇ ನೊಂದಿದ್ದಳು.

ಈಗ ಅದೇ ಮಗಳು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದಾಳೆ. ಸೋಮವಾರದಿಂದ ಹೊಸ ಕುರ್ಚಿ. ಶನಿವಾರ ಬೂದುಬಣ್ಣದ ಬಟ್ಟೆ ತಂದು ಅಮ್ಮನ ಮುಂದಿಟ್ಟಳು.

“ಅಮ್ಮಾ, ಅಂಗಡೀದು ಒಂದೂ ನನಗೆ ಒಪ್ತಿಲ್ಲ. ನೀನೇ ಹೊಲಿ. ಆದ್ರೆ ಉದ್ದ ಮಾಡಿದ್ಯೋ, ಇದೇ ಕೊನೆ, ನೋಡು!”

ಟೈಲರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಜೊತೆಗೆ ಭಯವೂ ಇತ್ತು. ಈ ಸಲ ಕೆಟ್ಟರೆ ಮಗಳು ಮತ್ತೆ ಬರುವವಳಲ್ಲ. ಅಂಚೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಲಿದು, ಮಗಳಿಗೆ ತೊಡಿಸಿ, ನೆಲಕ್ಕೆ ಮಂಡಿಯೂರಿ ಸುತ್ತಲೂ ಸೂಜಿ ಚುಚ್ಚಿದಳು. ಮಗಳು ಕನ್ನಡಿ ನೋಡಿದಳು. ಅಂಚು ನೆಟ್ಟಗೆ ಮೀನಖಂಡದ ದಪ್ಪದ ಮೇಲೆಯೇ ಕೂತಿತ್ತು.

“ಅಮ್ಮಾ, ನಾನಿನ್ನೂ ಬೆಳೀತೀನಾ?”

ಅಯ್ಯೋ ದೇವರೇ! ತಲೆಗೆ ಗೊತ್ತಿದ್ದರೇನು, ಕೈ ಕೇಳಬೇಕಲ್ಲ! “ಹಾಳಾದ್ದು ಕೈ ಕಣೇ, ನಿನ್ನ ಕಾಲು ಕಂಡ್ರೆ ತಾನಾಗೇ ಕೆಳಗೆ ಜಾರುತ್ತೆ. ಬಿಚ್ಬೇಡ, ಒಂದ್ನಿಮಿಷ ತಾಳು” ಎಂದು ಸೂಜಿಗಳನ್ನೆಲ್ಲ ಕಿತ್ತಳು. ಸೀಮೆಸುಣ್ಣ ಹಿಡಿದು ಮತ್ತೆ ಮಂಡಿಯೂರಿದಳು. ಆಮೇಲೆ ತಲೆ ಎತ್ತದೆ, ಗಂಟಲು ಸರಿಮಾಡಿಕೊಂಡು ಅಂದಳು:

“ಮೇಡಂ, ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ.”

ಮಗಳು ಕಿಸಕ್ಕನೆ ನಕ್ಕಳು. ಆದರೂ ನೆಟ್ಟಗೆ ನಿಂತಳು. “ಆಗ್ಲಿ ಟೈಲರಮ್ಮ, ಬೇಗ ಮುಗಿಸಿ.”

ಈಗ ಮುಂದಿದ್ದದ್ದು ಯಾರೋ ಬ್ಯಾಂಕಿನ ಮೇಡಮ್ಮನ ಕಾಲು. ಕೈ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. “ಕೂತು ನೋಡಿ ಮೇಡಂ.” ಮೇಡಂ ಕೂತರು, ಮೊಣಕಾಲು ಮುಚ್ಚಿತ್ತು. ಎದ್ದು ನಡೆದರು, ಅಂಚು ಎಲ್ಲೂ ತೊಡರಲಿಲ್ಲ. ಟೈಲರಮ್ಮ ಹೆಚ್ಚಾದ ಬಟ್ಟೆಯನ್ನು ಒಳಗೆ ಮಡಿಸಿಡಲಿಲ್ಲ, ಕತ್ತರಿಸಿಯೇ ಬಿಟ್ಟಳು.

ಅಂಚು ಹೊಲಿದು ಇಸ್ತ್ರಿಯಾದ ಮೇಲೆ ಮಗಳು ಅದನ್ನೇ ತೊಟ್ಟು ಹೊರಟಳು. ಬಾಗಿಲಲ್ಲಿ ನಿಂತ ಟೈಲರಮ್ಮ ಅವಳು ಬೀದಿಯುದ್ದಕ್ಕೂ ನಡೆದುಹೋಗುವುದನ್ನೇ ನೋಡಿದಳು. ಎಷ್ಟು ದೊಡ್ಡವಳಾಗಿಬಿಟ್ಟಿದ್ದಾಳೆ ಅನ್ನಿಸಿ ಖುಷಿಯೂ ಆಯಿತು, ಕಣ್ಣೂ ತುಂಬಿತು. ತಿರುವಿನಲ್ಲಿ ಮಗಳು ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ಅಮ್ಮಾ, ಮುಂದಿನ ವಾರ ಇನ್ನೊಂದಕ್ಕೆ ಬಟ್ಟೆ ತರ್ತೀನಿ!”