ಆ ಬೀದಿಯ ಹೆಸರು

ಹೆರಿಗೆ ನೋವು ಶುರುವಾದಾಗ ಆ ಹೆಸರು ನನ್ನ ಬಾಯಿಂದ ಹೊರಡುತ್ತದೆಯೇ? ರೊಟ್ಟಿ ತಟ್ಟುವಾಗಲೂ, ಮಗಳಿಗೆ ಜಡೆ ಹೆಣೆಯುವಾಗಲೂ ಇಷ್ಟು ದಿನ ಇದೇ ಚಿಂತೆ.

ನಮ್ಮ ಬೀದಿಗೆ ಗಂಡನ ಅಜ್ಜನ, ಅಂದರೆ ನಮ್ಮತ್ತೆಯ ಮಾವನ, ಹೆಸರಿಟ್ಟಿದ್ದಾರೆ. ಹೆಸರಾಂತ ಕುರಿಗಾಹಿಯಂತೆ. ನಮ್ಮ ಕಿರ್ಗಿಝರಲ್ಲಿ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರೆತ್ತುವಂತಿಲ್ಲ. ರಾಜಧಾನಿ ಬಿಷ್ಕೆಕ್‌ನಲ್ಲಿ ಓದುವಾಗ ಇದನ್ನು ಕೇಳಿ ನಗುತ್ತಿದ್ದೆ.

ನಮ್ಮತ್ತೆ ಹಳ್ಳಿಯ ಸರ್ಕಾರಿ ಹೆರಿಗೆ ಮನೆಯ ಸೂಲಗಿತ್ತಿ. ಊರಿನ ಅರ್ಧ ಮಕ್ಕಳು, ನನ್ನ ಮಗಳೂ ಸೇರಿ, ಮೊದಲು ಅತ್ತದ್ದು ಅವರ ಕೈಯಲ್ಲೇ. ಯಾರಿಗೂ ಹೆದರಿದವರಲ್ಲ. ಬಾಗಿಲಲ್ಲಿ ಗಲಾಟೆ ಮಾಡುವ ಗಂಡಂದಿರಿಗೆ, "ನೀನೇನು ಹೆರ್ತೀಯೇನೋ? ಹೋಗು, ಒಲೆಗೆ ಬೆರಣಿ ಹಾಕು" ಅನ್ನುತ್ತಿದ್ದರು.

ಹೋದ ಚಳಿಗಾಲ ಹೆರಿಗೆ ಮನೆ ಮುಚ್ಚಿದರು. ಇನ್ನು ಹೆರಿಗೆಯೆಲ್ಲ ಕಣಿವೆಯಾಚೆಯ ದೊಡ್ಡ ಆಸ್ಪತ್ರೆಯಲ್ಲಿ. ಅತ್ತೆಯ ಕೆಲಸ ರಕ್ತದೊತ್ತಡ ನೋಡುವುದು, ಆಂಬುಲೆನ್ಸ್ ಕರೆಯುವುದು, ಅಷ್ಟೇ. ಫೋನ್ ಎತ್ತುವವರು ನಮ್ಮೂರನ್ನು ಕಂಡವರಲ್ಲ.

ಬೇಸಿಗೆಯಲ್ಲಿ ಗಂಡಸರೆಲ್ಲ ಮೇವಿನ ಬೆಟ್ಟಕ್ಕೆ ಹೋಗಿದ್ದರು. ನಾನು ತವರಿನಲ್ಲಿದ್ದೆ. ಪಕ್ಕದ ಮನೆಯ ಬಸುರಿ ಜಿಪಾರ್‌ಗೆ ರಕ್ತ ಹೋಗತೊಡಗಿತು. ಅತ್ತೆಯೇ ಫೋನ್ ಮಾಡಿದರು.

"ಯಾವ ಬೀದಿ?" ಅಂದರಂತೆ ಆ ಕಡೆಯಿಂದ.

"ಗಿರಣಿ ಬೀದಿ." ಆ ಹೆಸರಿನ ಬದಲು ಅತ್ತೆ ಹೇಳುವುದು ಹಾಗೆಯೇ.

"ಅಂಥ ಬೀದಿ ಇಲ್ಲವಲ್ಲ, ಅಮ್ಮ."

"ನೀರಿನ ಗಿರಣಿ ಇದೆಯಲ್ಲ, ಅಲ್ಲಿ. ಬೇಗ ಬನ್ನಿ!"

ವ್ಯಾನು ಕೆಳಗಿನ ಹಳ್ಳಿಯ ಇನ್ನೊಂದು ಗಿರಣಿಗೆ ಹೋಗಿ ನಿಂತಿತು. ದಾರಿ ಕೇಳಿಕೊಂಡು ಇಲ್ಲಿಗೆ ಬರುವಷ್ಟರಲ್ಲಿ ಮಗು ಹೋಗಿತ್ತು. ಜಿಪಾರ್ ಹೇಗೋ ಉಳಿದಳು.

ತವರಿನಿಂದ ಬಂದ ಮೇಲೆ ಇದೆಲ್ಲ ಕೇಳಿದೆ. ಅಷ್ಟು ಗಟ್ಟಿಗಿತ್ತಿ, ಒಂದು ಹೆಸರು ಹೇಳಲಾರದೆ ಹೋದರೇ!

"ಅಪಾ, ಯಾಕೆ ಹೇಳಲಿಲ್ಲ?" ಅಂದೆ. ಅತ್ತೆಯನ್ನು ನಾವು ಕರೆಯುವುದು ಹಾಗೆ, ಅಮ್ಮ ಅಂತ.

"ನಾಲಿಗೆ ಹೊರಳಲಿಲ್ಲ ಕಣೇ." ಅಷ್ಟೇ ಅಂದರು. ಆಮೇಲೂ ಅವರ ಬಾಯಲ್ಲಿ ಅದು ಗಿರಣಿ ಬೀದಿಯೇ. ನನಗೆ ಅದೇ ಇನ್ನೂ ದೊಡ್ಡ ಆಘಾತ.

ನನಗೂ ದಿನ ತುಂಬುತ್ತಿತ್ತು. ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ಮೊದಲ ಅಕ್ಷರ ದಾಟಲಾಗಲಿಲ್ಲ.

"ಯಾರ ಜೊತೆ ಮಾತಾಡ್ತಿದ್ದೀಯೇ?" ಬಾಗಿಲಲ್ಲಿ ಅತ್ತೆ.

"ಹಸು ಜೊತೆ, ಅಪಾ."

"ಅದೇನಂತು?"

"ಅದಕ್ಕೂ ನಾಚಿಕೆಯಂತೆ."

ಅವರು ನಗಲಿಲ್ಲ.

ಇವತ್ತು ಬೆಳಿಗ್ಗೆ ಚಹಾ ಬಗ್ಗಿಸುವಾಗ ಗರ್ಭದ ನೀರು ಒಡೆಯಿತು. ಗಂಡ ಮಂದೆಯ ಜೊತೆ ಹೋಗಿದ್ದ. ಅತ್ತೆ ಹೊಟ್ಟೆ ಮುಟ್ಟಿ ನೋಡಿದರು.

"ಮಗು ಅಡ್ಡ ಮಲಗಿದೆ. ಇಲ್ಲಿ ನನ್ನ ಕೈಲಾಗಲ್ಲ. ಫೋನ್ ಮಾಡು."

"ನಾನಾ?"

"ನೀನೇ. ನನ್ನ ಕೈಗೆ ಕೊಟ್ಟರೆ ಮತ್ತೆ ಗಿರಣಿ ಅಂದುಬಿಟ್ಟೇನು."

ನಂಬರ್ ಒತ್ತಿದೆ.

"ಯಾವ ಬೀದಿ?" ಆ ಕಡೆಯಿಂದ ಹೆಣ್ಣು ದನಿ.

ಅತ್ತೆ ತಲೆವಸ್ತ್ರದ ಮೇಲಿಂದಲೇ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡು, "ನಂಗೆ ಕೇಳ್ಸಲ್ಲ, ಹೇಳೇ ತಾಯಿ, ಹೇಳು!" ಎಂದು ಕೂಗಿದರು.

"ತೊಕ್ತೊಸುನ್ ಬೀದಿ," ಅಂದೆ. "ತೊಕ್ತೊಸುನ್. ಮೇಲಿನ ಹಳ್ಳಿ. ನಾವು ರಸ್ತೆಗೇ ಬಂದು ನಿಂತಿರ್ತೀವಿ."