ಹೆಣ ಎದ್ದರೆ ಯಾವುದರಿಂದ ಹೊಡೆಯುವುದು

ಆಗ ನನಗೆ ಹತ್ತೊಂಬತ್ತು ವರ್ಷ. ಈ ಮಾತಿಗೆ ಐವತ್ತು ವರ್ಷವಾಯಿತು. ಅಕ್ಕಲಕೋಟೆಯ ಮನೆಯಲ್ಲಿ ನನ್ನ ಅತ್ತೆ ಮಧ್ಯಾಹ್ನ ಉಸಿರು ನಿಲ್ಲಿಸಿದಳು. ಊರವರು ಬಂದು ನೋಡಿದರು, ಗಂಡಸರು ಚಟ್ಟಕ್ಕೆ ಬಿದಿರು ತರಲು ಹೋದರು. ಹೆಣ ಕಾಯಲು ಸೊಸೆಯರು ಮೂವರೇ ಉಳಿದೆವು. ನನಗೆ ಅಳು ಬರಲಿಲ್ಲ. ಕಂದಲಗಾಂವದಲ್ಲಿ ನನ್ನ ಅವ್ವ ಹಾಸಿಗೆ ಹಿಡಿದಿದ್ದಳು. ನೋಡಿಬರಲು ಅತ್ತೆ ಮೂರು ತಿಂಗಳಿಂದ ಬಿಟ್ಟಿರಲಿಲ್ಲ. ಇನ್ನು ಹೋಗಬಹುದು ಎಂದುಕೊಂಡೆ.

“ಮುದುಕಿ ಎದ್ದು ಬಂದ್ಲಂದ್ರ?” ಎಂದಳು ಕಿರಿಯ ಸೊಸೆ.

“ಕುಡಗೋಲಲೆ ಕುತ್ತಿಗಿ ಕೊಯ್ಯೂದು,” ಎಂದಳು ಹಿರಿಯಳು.

“ಹೆಣಕ್ಕ ಕುತ್ತಿಗಿ ಇದ್ರೇನು, ಇಲ್ದಿದ್ರೇನು? ಒನಕಿ ಬೇಕ. ಮೊಣಕಾಲ ಮುರದ್ರ ಹ್ಯಾಂಗ ಬೆನ್ನ ಹತ್ತತಾಳ?” ಎಂದಳು ಕಿರಿಯಳು.

“ಊದುಗೊಳವಿ ತರ್ರಿ,” ಎಂದೆ ನಾನು. “ನಮಗೆಲ್ಲ ಅದರಲೆ ಹೊಡದಾಳ. ಎಷ್ಟು ಉರೀತೈತಿ ಅಂತ ಆಕಿಗೂ ತಿಳೀಲಿ.”

ಮೂವರೂ ಸೆರಗು ಬಾಯಿಗಿಟ್ಟು ನಕ್ಕೆವು.

“ಊದುಗೊಳವಿ ಸೊಟ್ಟ ಆಗತೈತಿ,” ಎಂದಿತು ಹೆಣ. “ಒನಕಿನ ಛಲೋ.”

ಅವರಿಬ್ಬರೂ ಓಡಿಹೋದರು. ನಾನು ಕೂತಲ್ಲೇ ಹೆಣದ ಕಡೆ ತಿರುಗಿದೆ.

“ಅತ್ತಿ, ಅವ್ವನ್ನ ನೋಡಿ ಬರ್ಲೇನ್ರಿ?” ಎಂದು ಕೇಳಿದೆ.

“ನಾ ಸತ್ತ ಮ್ಯಾಲ ಹೋಗು,” ಎಂದಳು.

ಸತ್ತದ್ದನ್ನು ಊರೇ ನೋಡಿತ್ತು. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಸೊಲ್ಲಾಪುರದ ಬಸ್ಸು ಹತ್ತಿ ತವರಿಗೆ ಹೋದೆ.