ಮೀನುಬುಟ್ಟಿ ಹಾಯುವ ಹುಲ್ಲು

ಚಳಿಗಾಲ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಮಾವಳ್ಳಿಯ ಕಡಲ ಬದಿಯ ರೆಸಾರ್ಟಿನಲ್ಲಿ ಒಂದು ಪುಟ್ಟ ಗಾಲ್ಫ್ ಮೈದಾನವಿದೆ. ಅದರ ಹುಲ್ಲು ನೋಡಿಕೊಳ್ಳುವುದು ನನ್ನ ಕೆಲಸ. ಊರಿನವರ ಬಾಯಲ್ಲಿ ನಾನು ‘ದನ ಇಲ್ಲದೆ ಹುಲ್ಲು ಬೆಳೆಸುವವ’. ನಗಲಿ. ಮಳೆಗಾಲದಲ್ಲಿ ಬೇಡವೆಂದರೂ ಬೆಳೆಯುವ ಹುಲ್ಲು, ಮೂಡಣ ಗಾಳಿ ಶುರುವಾದ ಮೇಲೆ ಕೈಕಾಲು ಹಿಡಿದರೂ ಏಳುವುದಿಲ್ಲ. ಪ್ರವಾಸಿಗರು ಬರುವುದೂ ಆಗಲೇ.

ಕಳೆದ ವರ್ಷ ಮೈದಾನದ ನಡುವೆ ಒಂದು ಬೋಳು ಪಟ್ಟಿ ಎದ್ದಿತ್ತು. ಅದು ಆಟಗಾರರು ಮಾಡಿದ್ದಲ್ಲ. ಮೀನು ಮಾರುವ ಹೆಂಗಸರು ಬೆಳಗ್ಗೆ ಬುಟ್ಟಿ ಹೊತ್ತು ಅದನ್ನೇ ಅಡ್ಡ ಹಾಯ್ದು ಹೆದ್ದಾರಿಗೆ ಹೋಗುತ್ತಿದ್ದರು. ಹೊನ್ನಾವರದ ಪೇಟೆಗೆ ಹೋಗುವ ಟೆಂಪೊ ಯಾರಿಗೂ ಕಾಯುವುದಿಲ್ಲ. ಇಬ್ಬನಿಗೆ ನೆನೆದ ಹುಲ್ಲು ಅವರ ಕಾಲಡಿಗೆ ಸಿಕ್ಕಿ ನಲುಗುತ್ತಿತ್ತು. ಬುಟ್ಟಿಯಿಂದ ಸೋರುವ ಉಪ್ಪುನೀರು ಬೇರನ್ನೇ ಸುಡುತ್ತಿತ್ತು. ಎಲ್ಲರಿಗಿಂತ ಮುಂದೆ ನಡೆಯುವವಳು ನನ್ನ ಸ್ವಂತ ಅಕ್ಕ.

“ಚಳಿಗಾಲ ಮುಗಿಯುವುದರೊಳಗೆ ಇಲ್ಲಿ ಹುಲ್ಲು ಬರದಿದ್ದರೆ ಬೇಲಿ ಹಾಕಿಸುತ್ತೇನೆ,” ಎಂದರು ಮ್ಯಾನೇಜರು. ಬೇಲಿ ಬಂದರೆ ಹೆಂಗಸರು ಊರೆಲ್ಲ ಸುತ್ತಬೇಕು, ಟೆಂಪೊ ತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ. ನನಗೆ ಊಟ ಸೇರದಾಯಿತು.

ಆಡುವವರ ಕಾಲು ಒಂದೇ ಕಡೆ ಬೀಳದಿರಲೆಂದು ನಾವು ಚೆಂಡು ಬೀಳುವ ಕುಳಿಯನ್ನೇ ಆಗಾಗ ಬೇರೆ ಕಡೆ ತೋಡುತ್ತೇವೆ. ದಾರಿಗೂ ಹಾಗೇ ಮಾಡಿದರಾಯಿತಲ್ಲ ಎನಿಸಿತು.

“ಅಕ್ಕಾ, ನಾ ಹಗ್ಗ ಕಟ್ಟಿದ ಬದೀಗೇ ನಡೀರಿ. ದಿನಾ ಬದಲ್ಸ್ತೆ. ಬುಟ್ಟಿ ಅಡೀಗೆ ಒಂದು ಪ್ಲಾಸ್ಟಿಕ್ ಹಾಕಿ, ನೀರು ಬೀಳೂದು ಬ್ಯಾಡ.”

“ಎಂತ ತಮ್ಮಾ, ಹುಲ್ಲಿಗೂ ಮಡಿಯಾ?” ಅಕ್ಕ ನಕ್ಕಳು. “ಆತು, ಹಾಂಗೇ ಮಾಡ್ವ.”

ಹೇಳಿದ ಹಾಗೆಯೇ ನಡೆದರು, ದಿನಕ್ಕೊಂದು ದಾರಿ. ನಾನು ಬೋಳು ನೆಲವನ್ನು ಕಬ್ಬಿಣದ ಮುಳ್ಳಿನಿಂದ ಚುಚ್ಚಿ ಸಡಿಲ ಮಾಡಿದೆ. ಸಿಹಿನೀರು ಹಾಯಿಸಿ ಉಪ್ಪು ತೊಳೆದೆ. ಹೊಳೆಮರಳು, ಗೊಬ್ಬರ ಹರಡಿ, ಮೂಲೆಯಲ್ಲಿ ಬೆಳೆಸಿಟ್ಟಿದ್ದ ಹುಲ್ಲಿನ ಬಳ್ಳಿ ತಂದು ಊರಿದೆ. ನಮ್ಮ ಗರಿಕೆಯ ಜಾತಿಯದೇ ಅದು, ಆದರೆ ಗರಿಕೆಯ ಗಟ್ಟಿತನ ಇಲ್ಲ. ದಿನಕ್ಕೆ ಎಷ್ಟು ಸಲ ಬಗ್ಗಿ ನೋಡುತ್ತಿದ್ದೆನೋ. “ಮೊಟ್ಟೆಗೆ ಕಾವು ಕೊಡ್ತಿದ್ಯನಾ?” ಎಂದು ರೆಸಾರ್ಟಿನ ಅಡುಗೆಯವನು ಕೆಣಕಿದ. ಅವನಿಗೆ ಬೈದುಬಿಟ್ಟೆ.

ಶಿವರಾತ್ರಿಯ ಹೊತ್ತಿಗೆ ಬೋಳು ಪಟ್ಟಿ ಎಲ್ಲಿತ್ತೆಂದು ನಾನೇ ಹುಡುಕಬೇಕಾಯಿತು. ಮ್ಯಾನೇಜರು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದರು.

“ಎಷ್ಟು ಚೆನ್ನಾಗಿ ಬಂದಿದೆ. ಇನ್ನು ಯಾರೂ ತುಳಿಯಬಾರದು. ನಾಳೆಯೇ ಬೇಲಿ ಹಾಕಿಸೋಣ.”

ಹೆಂಗಸರು ದಾರಿ ಬದಲಿಸಿದ್ದರಿಂದಲೇ ಹುಲ್ಲು ಬಂದದ್ದು ಎಂದೆ. “ಅವರಿಗೆ ಥ್ಯಾಂಕ್ಸ್ ಹೇಳಿ,” ಎಂದು ಚಪ್ಪಲಿ ಮೆಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಮರುದಿನ ಕಂಬಕ್ಕೆ ಗುಂಡಿ ತೋಡಿದವನು ನಾನೇ.

ಬೇಲಿ ಎದ್ದ ಮಾರನೆಯ ಬೆಳಗ್ಗೆ ಅಕ್ಕ ಬುಟ್ಟಿ ಹೊತ್ತು ತಂತಿಯ ಆಚೆ ನಿಂತಳು. ನಾನು ಬೈಗುಳಕ್ಕೆ ಕಾದೆ. ಅವಳು ಹುಲ್ಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

“ಚಂದ ಬಂತಲ್ಲ ತಮ್ಮಾ,” ಎಂದು ಸುತ್ತುದಾರಿ ಹಿಡಿದಳು. ಉಳಿದವರು ಅವಳ ಹಿಂದೆ ನಡೆದರು.

ಆ ದಿನ ನಾನು ಹುಲ್ಲಿಗೆ ನೀರು ಬಿಡಲಿಲ್ಲ.